ಕತ್ತಿ ಹಿಡಿದವನಿಗೂ ನಾಲ್ಕು ಪಟ್ಟು ಬೇಕು

ಇಪ್ಪತ್ತು ಮುಖಗಳ ದಾಳವನ್ನು ನೋಡಿದ್ದೀರಾ? ಹಾವು–ಏಣಿಗೆ ಅದು ಬೇಡ, ಪಗಡೆಗೆ ಅದು ಆಗದು. ನಮ್ಮ ಐದು ಜನರ ಗುಂಪಿಗೆ ಮಾತ್ರ ಅದಿಲ್ಲದೆ ಭಾನುವಾರ ಕಳೆಯುವುದಿಲ್ಲ. ಮೂವರು ನಂಜನಗೂಡಿನವರು, ಇಬ್ಬರು ತಿ. ನರಸೀಪುರದವರು. ಒಂದು ವಾರ ಅವರು ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ, ಮುಂದಿನ ವಾರ ನಾವು ಅಲ್ಲಿಗೆ ಹೋಗುತ್ತೇವೆ. ಆಡುವುದು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’.

‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದವರಿಗೆ ಈ ಹೆಸರು ಗೊತ್ತಿರುತ್ತದೆ. ಅದರಲ್ಲಿ ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡುವುದು ಇದೇ ಆಟವನ್ನು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಹೊರತಂದರು. ಗೊತ್ತಿಲ್ಲದವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಇದು ಎಲ್ಲರೂ ಸೇರಿ ಹೇಳುವ ಕಥೆ. ಒಬ್ಬ ಸೂತ್ರಧಾರ ಕಾಡು, ಕೋಟೆ, ರಾಕ್ಷಸರನ್ನು ಕಣ್ಣ ಮುಂದೆ ತರುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ಮೇಜಿನಲ್ಲಿ ಸೂತ್ರಧಾರ ನಾನು.

ಈ ಆಟ ಹುಟ್ಟಿದ್ದು ಬೊಂಬೆ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಆಡುವ ಯುದ್ಧದಾಟಗಳಿಂದ. ಹಾಗಾಗಿ ಇವತ್ತಿಗೂ ನಿಯಮಗಳಲ್ಲಿ ದೊಡ್ಡ ಪಾಲು ಕಾಳಗದ್ದೇ. ವಿಚಿತ್ರವೆಂದರೆ ಆ ಕಾಳಗದಲ್ಲಿ ಅತಿ ಹೆಚ್ಚು ಬೇಸರವಾಗುವುದು ಕಾಳಗವನ್ನೇ ಕಸುಬು ಮಾಡಿಕೊಂಡ ಪಾತ್ರಕ್ಕೆ, ಅಂದರೆ ಯೋಧನಿಗೆ.

ಮಂತ್ರವಾದಿಯ ಪಾತ್ರ ತೆಗೆದುಕೊಂಡ ಗೆಳತಿಯ ಸರದಿ ಬಂದರೆ ಮೇಜೇ ಎದ್ದು ಕೂರುತ್ತದೆ. ಬೆಂಕಿಯುಂಡೆ ಎಸೆಯಲೇ, ಜೇಡರ ಬಲೆ ಹರಡಲೇ, ಮಾಯವಾಗಿ ಆಚೆ ದಡದಲ್ಲಿ ನಿಲ್ಲಲೇ ಎಂದು ಆಕೆ ಪುಟ ತಿರುವುತ್ತಾಳೆ. ಕಳ್ಳನ ಪಾತ್ರದವನು ಕತ್ತಲಲ್ಲಿ ಅಡಗುತ್ತಾನೆ, ಬಿಲ್ಲುಗಾರ ಮರ ಹತ್ತುತ್ತಾನೆ. ಯೋಧನ ಸರದಿಗೆ ಬಂದರೆ ಒಂದೇ ಪದ: ‘ಹೊಡೀತೀನಿ’. ದಾಳ ಉರುಳುತ್ತದೆ. ತಗುಲಿತು ಅಥವಾ ತಪ್ಪಿತು. ಹತ್ತು ಸೆಕೆಂಡು. ಮತ್ತೆ ಹತ್ತು–ಹದಿನೈದು ನಿಮಿಷ ಕಾಯಬೇಕು, ಮತ್ತೆ ‘ಹೊಡೀತೀನಿ’ ಎನ್ನಲು.

ನಮ್ಮ ಗುಂಪಿನಲ್ಲಿ ಯೋಧನಾಗಿರುವ ಗೆಳೆಯ ಬೆಳಿಗ್ಗೆ ಐದಕ್ಕೆಲ್ಲ ಗರಡಿಗೆ ಹೋಗುವವನು. ಮಾತು ಕಡಿಮೆ. ಆದರೆ ಎದುರಿಗಿರುವವನ ಭಾರ ಯಾವ ಕಾಲಿನ ಮೇಲಿದೆ ಎಂದು ನಿಂತ ನಿಲುವಿನಲ್ಲೇ ಹೇಳಬಲ್ಲ. ಆಟ ಶುರುವಾದ ಹೊಸದರಲ್ಲಿ ಒಂದು ಸಲ ಅವನು, ‘ಹೊಡೆಯಲ್ಲ ಕಣೋ, ಕಲಾಜಂಗ್ ಹಾಕ್ತೀನಿ’ ಎಂದ. ಎದುರಾಳಿಯ ತೋಳು ಹಿಡಿದು, ತೊಡೆಗಳ ನಡುವೆ ಕೈ ಹಾಕಿ, ಹೆಗಲ ಮೇಲೆ ಹೊತ್ತು ಎಸೆಯುವ ಪಟ್ಟು ಅದು. ಪುಸ್ತಕದ ನಿಯಮದ ಪ್ರಕಾರ ಅವನು ತನ್ನ ಒಂದು ಏಟನ್ನು ಬಿಟ್ಟುಕೊಟ್ಟು ದಾಳ ಉರುಳಿಸಿದ. ಗೆದ್ದ. ರಾಕ್ಷಸ ನೆಲಕ್ಕೆ ಬಿದ್ದ. ತನ್ನ ಸರದಿ ಬಂದಾಗ ಮೈ ಕೊಡವಿಕೊಂಡು ಎದ್ದು ನಿಂತ. ಒಂದು ತರಚು ಗಾಯವೂ ಇಲ್ಲ. ಮುಂದಿನ ವಾರದಿಂದ ಗೆಳೆಯ ‘ಹೊಡೀತೀನಿ’ ಎಂದು ಹೇಳಿ ಮೊಬೈಲ್ ನೋಡತೊಡಗಿದ. ಕೆಲವು ತಿಂಗಳು ಕಳೆದ ಮೇಲೆ, ‘ನನ್ನನ್ನ ಬಿಟ್ಟು ಆಡ್ಕೊಳ್ರೋ, ನನ್ನ ಕೆಲಸ ದಾಳಾನೇ ಮಾಡುತ್ತೆ’ ಎಂದುಬಿಟ್ಟ.

ಐವರಲ್ಲಿ ನಿಜವಾಗಿ ಕಾದಾಡಲು ಬಲ್ಲವನು ಅವನೊಬ್ಬನೇ. ಕಾಳಗದ ಆಟದಲ್ಲಿ ಅವನ ವಿದ್ಯೆಗೇ ಬೆಲೆ ಇಲ್ಲ ಎಂದರೆ ಎಲ್ಲೋ ಎಡವಟ್ಟಿದೆ. ಅದನ್ನು ಹುಡುಕಲು ನಾವು ಮೊದಲು ಹಿಡಿದದ್ದು ಲೆಕ್ಕದ ಪುಸ್ತಕ.

ಬೀಳಿಸುವುದು ಯಾಕೆ ನಷ್ಟ?

ಲೆಕ್ಕ ಕಷ್ಟವೇನಿಲ್ಲ, ಪಿಯುಸಿಯ ಸಂಭವನೀಯತೆ ಸಾಕು. ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ‘ಹಿಟ್ ಪಾಯಿಂಟ್’ ಇರುತ್ತದೆ. ನಮ್ಮ ಮೇಜಿನಲ್ಲಿ ಅದಕ್ಕೆ ‘ಉಸಿರು’ ಎನ್ನುತ್ತೇವೆ. ಏಟು ಬಿದ್ದಷ್ಟೂ ಉಸಿರು ಕಡಿಮೆಯಾಗುತ್ತದೆ, ಸೊನ್ನೆಗೆ ಬಂದರೆ ಮುಗಿಯಿತು.

ಯೋಧನ ಕತ್ತಿ ತಗುಲಲು 20 ಮುಖದ ದಾಳದಲ್ಲಿ 9 ಅಥವಾ ಹೆಚ್ಚು ಬೀಳಬೇಕು ಎಂದಿಟ್ಟುಕೊಳ್ಳಿ. 20ರಲ್ಲಿ 12 ಅವಕಾಶ, ಅಂದರೆ ಶೇ 60. ತಗುಲಿದರೆ 8 ಮುಖದ ದಾಳದ ಅಂಕಕ್ಕೆ 3 ಸೇರಿಸಿ ಉಸಿರು ಕಳೆಯಬೇಕು. ಅದರ ಸರಾಸರಿ 7.5. ತಪ್ಪುವ ಸಾಧ್ಯತೆಯನ್ನೂ ಸೇರಿಸಿದರೆ ಒಂದು ಬೀಸಿಗೆ ಸರಾಸರಿ 4.5.

ಎದುರಾಳಿ ನೆಲದ ಮೇಲೆ ಬಿದ್ದಿದ್ದರೆ ಹತ್ತಿರದಿಂದ ಹೊಡೆಯುವವರು ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆಗ ತಗುಲುವ ಸಾಧ್ಯತೆ ಶೇ 84ಕ್ಕೆ ಏರುತ್ತದೆ, ಒಂದು ಬೀಸಿನ ಸರಾಸರಿ 6.3 ಆಗುತ್ತದೆ. ಲಾಭ 1.8. ಆದರೆ ಬೀಳಿಸುವ ಪ್ರಯತ್ನವೂ ಶೇ 60ರಷ್ಟು ಸಲ ಮಾತ್ರ ಫಲಿಸುತ್ತದೆ ಎಂದುಕೊಂಡರೆ, ಆ ಲಾಭ ಏಟಿಗೆ ಸುಮಾರು 1.1ಕ್ಕೆ ಇಳಿಯುತ್ತದೆ. ಬೀಳಿಸಲು ಬಿಟ್ಟುಕೊಟ್ಟದ್ದು ಮಾತ್ರ 4.5.

ಭಾಗಿಸಿ ನೋಡಿ. ಬಿಟ್ಟುಕೊಟ್ಟ ಒಂದು ಏಟಿನ ಸಾಲ ತೀರಬೇಕಾದರೆ, ಎದುರಾಳಿ ಎದ್ದು ನಿಲ್ಲುವ ಮೊದಲು ಕನಿಷ್ಠ 5 ಏಟು ಹತ್ತಿರದಿಂದ ಬೀಳಬೇಕು. ನಮ್ಮ ಗುಂಪಿನಲ್ಲಿ ಅಷ್ಟು ಕತ್ತಿಗಳೇ ಇಲ್ಲ! ಸಾಲದ್ದಕ್ಕೆ, ಬಿದ್ದವನ ಮೇಲೆ ದೂರದಿಂದ ಬಾಣ ಬಿಡುವವನಿಗೆ ಗುರಿ ಸಿಗುವುದು ಕಷ್ಟ ಎಂಬ ನಿಯಮ ಬೇರೆ. ಅಂದರೆ ಯೋಧ ಪಟ್ಟು ಹಾಕಿ ಗೆದ್ದಾಗಲೂ ಬಿಲ್ಲುಗಾರ ಅವನನ್ನೇ ಬೈಯುತ್ತಾನೆ. ಗೆಳೆಯ ‘ಹೊಡೀತೀನಿ’ಗೆ ಇಳಿದದ್ದು ಸೋಮಾರಿತನದಿಂದಲ್ಲ, ಗಣಿತ ಅವನನ್ನು ಅಲ್ಲಿಗೆ ತಳ್ಳಿತ್ತು.

ಮಟ್ಟಿಯಲ್ಲಿ ಉಸಿರಿನ ಲೆಕ್ಕವಿಲ್ಲ

ಹಾಗಾದರೆ ಗರಡಿಯಲ್ಲಿ ಪಟ್ಟಿಗೆ ಅಷ್ಟು ಬೆಲೆ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಹುಡುಕಲು ಮೈಸೂರು ಸೀಮೆಯವರು ದೂರ ಹೋಗಬೇಕಿಲ್ಲ. ಈ ನೆಲದಲ್ಲಿ ಕುಸ್ತಿ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಕಾಳಗಕ್ಕೆಂದೇ ಒಂದು ಭಾಗವಿದೆ. ದಸರಾ ಬಂತೆಂದರೆ ಮೈಸೂರಿನಲ್ಲಿ ಇವತ್ತಿಗೂ ಜೋಡಿ ಕಟ್ಟಿ ನಾಡಕುಸ್ತಿ ಆಡಿಸುತ್ತಾರೆ.

ಕೆಮ್ಮಣ್ಣಿನ ಮಟ್ಟಿಯಲ್ಲಿ ನಡೆಯುವ ಆ ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ‘ಚಿತ್’. ಅಲ್ಲಿಗೆ ಕುಸ್ತಿ ಮುಗಿಯಿತು. ಅವನಲ್ಲಿ ಇನ್ನೆಷ್ಟು ಶಕ್ತಿ ಉಳಿದಿತ್ತು ಎಂದು ಯಾರೂ ಕೇಳುವುದಿಲ್ಲ. ಅಗಸರು ಬಟ್ಟೆಯನ್ನು ಹೆಗಲ ಮೇಲಿಂದ ಎತ್ತಿ ಕಲ್ಲಿಗೆ ಬಡಿಯುವಂತೆ ಎದುರಾಳಿಯನ್ನು ಎತ್ತಿ ಹಾಕುವ ಧೋಬಿ ಪಾಟ್ ಸರಿಯಾಗಿ ಕೂತರೆ, ಅರ್ಧ ಗಂಟೆಯ ಕುಸ್ತಿ ಅರೆಕ್ಷಣದಲ್ಲಿ ತೀರ್ಮಾನವಾಗುತ್ತದೆ.

ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವೂ ಹಾಗೆಯೇ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮುಷ್ಟಿಯ ಆಯುಧ ಧರಿಸಿ ಎದುರುಬದುರಾಗುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ನಿಂತಿತು. ಎಷ್ಟು ರಕ್ತ ಎಂಬ ಲೆಕ್ಕವಿಲ್ಲ.

ಇಲ್ಲಿ ನಮಗೊಂದು ವಿಷಯ ಹೊಳೆಯಿತು. ಮಟ್ಟಿಯಲ್ಲಿ ಪಟ್ಟೇ ಗೆಲುವು. ನಮ್ಮ ಮೇಜಿನಲ್ಲಿ ಉಸಿರು ಸೊನ್ನೆಯಾಗುವುದೊಂದೇ ಗೆಲುವು. ಗೆಲುವಿನ ಲೆಕ್ಕಕ್ಕೇ ಸೇರದ ಪಟ್ಟು ಎಷ್ಟು ಚಂದವಿದ್ದರೂ ದಂಡ.

ಇವೆರಡರ ನಡುವಿನ ದಾರಿಯೊಂದು ಮ್ಯಾಟ್ ಮೇಲಿನ ಫ್ರೀಸ್ಟೈಲ್ ಕುಸ್ತಿಯಲ್ಲಿದೆ. ಅಲ್ಲಿ ಅಂಕಗಳೂ ಇವೆ, ಚಿತ್ ಕೂಡ ಇದೆ. ಎದುರಾಳಿಯನ್ನು ವೃತ್ತದಿಂದ ಹೊರಗೆ ತಳ್ಳಿದರೆ 1 ಅಂಕ, ಕೆಡವಿ ಹಿಂದಿನಿಂದ ಹಿಡಿತ ಸಾಧಿಸಿದರೆ 2, ನಿಂತವನನ್ನು ನೇರ ಬೆನ್ನು ನೆಲಕ್ಕೆ ತಿರುಗುವಂತೆ ಎತ್ತಿ ಹಾಕಿದರೆ 4. ಅಂಕ ಎಷ್ಟೇ ಇರಲಿ, ಚಿತ್ ಆದರೆ ಪಂದ್ಯವೇ ಮುಗಿಯಿತು. ಅಂದರೆ ಪ್ರತಿ ಪಟ್ಟೂ ಲೆಕ್ಕದ ಪುಸ್ತಕದಲ್ಲಿ ಏನಾದರೊಂದು ಬರೆದೇ ಬರೆಯುತ್ತದೆ. ನಮ್ಮ ಆಟಕ್ಕೆ ಬೇಕಾದದ್ದು ಇದೇ.

ಆಟ ಮಾಡಿದವರೂ ತಿಣುಕಿದ್ದಾರೆ

ಈ ತೊಂದರೆ ನಮ್ಮೊಬ್ಬರದ್ದೇ ಅಲ್ಲ. 2000ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಅಡ್ಡಗಾಲು ಕೊಡುವುದು, ಆಯುಧ ಕಿತ್ತುಕೊಳ್ಳುವುದು, ನುಗ್ಗಿ ತಳ್ಳುವುದು, ಅಪ್ಪಿ ಹಿಡಿಯುವುದು ಎಲ್ಲಕ್ಕೂ ನಿಯಮ ಬರೆದರು. ಆದರೆ ವಿಶೇಷ ತರಬೇತಿ ಇಲ್ಲದವನು ಎದುರಾಳಿಯ ಆಯುಧಕ್ಕೆ ಕೈ ಹಾಕಿದರೆ ಮೊದಲು ಅವನಿಂದ ಒಂದು ಬಿಟ್ಟಿ ಏಟು ತಿನ್ನಬೇಕು. ಪ್ರಯತ್ನ ಸೋತರೆ ತನ್ನ ಕತ್ತಿಯೇ ಹೋಗಬಹುದು. ಇನ್ನು ಅಡ್ಡಗಾಲಿನ ವಿಶೇಷ ತರಬೇತಿ ಬೇಕೆಂದರೆ ಪಾತ್ರಕ್ಕೆ ಬುದ್ಧಿಶಕ್ತಿ 13 ಇರಲೇಬೇಕಿತ್ತು! ಇದನ್ನು ಓದಿ ಹೇಳಿದಾಗ ನಮ್ಮ ಗರಡಿ ಗೆಳೆಯ ಹೊಟ್ಟೆ ಹಿಡಿದು ನಕ್ಕ.

2008ರ ನಾಲ್ಕನೇ ಆವೃತ್ತಿ ಯೋಧನಿಗೂ ಮಂತ್ರವಾದಿಯ ಹಾಗೆ ಪಟ್ಟುಗಳ ಪಟ್ಟಿಯನ್ನೇ ಕೊಟ್ಟಿತು. ಆದರೆ ಎಲ್ಲ ಪಾತ್ರಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ ಎಂದು ಹಲವರು ಗೊಣಗಿದರು. 2009ರಲ್ಲಿ ಬಂದ ‘ಪಾತ್‌ಫೈಂಡರ್’ ಎಂಬ ಸೋದರ ಆಟ ಎಲ್ಲ ಪಟ್ಟುಗಳನ್ನೂ ಒಂದೇ ಲೆಕ್ಕಕ್ಕೆ ತಂದು ಗೋಜಲು ಕಡಿಮೆ ಮಾಡಿತು. ಆದರೆ ತರಬೇತಿ ಇಲ್ಲದವನಿಗೆ ಬಿಟ್ಟಿ ಏಟಿನ ಶಿಕ್ಷೆ ಮಾತ್ರ ತಪ್ಪಲಿಲ್ಲ.

ನಿಜವಾದ ತಿರುವು ಬಂದದ್ದು 2014ರ ಐದನೇ ಆವೃತ್ತಿಯ ‘ಬ್ಯಾಟಲ್ ಮಾಸ್ಟರ್’ ಎಂಬ ಯೋಧನಿಂದ. ಅವನಿಗೆ 8 ಮುಖದ 4 ವಿಶೇಷ ದಾಳಗಳು. ಕತ್ತಿ ತಗುಲಿದ ಮೇಲೆ ಒಂದು ದಾಳ ಖರ್ಚು ಮಾಡಿದರೆ ಏಟಿನ ಜೊತೆ ಆ ಅಂಕವೂ ಸೇರುತ್ತದೆ, ಎದುರಾಳಿ ಬೀಳುವ ಸಾಧ್ಯತೆಯೂ ಸಿಗುತ್ತದೆ. ಒಂದು ಗಳಿಗೆ ದಣಿವಾರಿಸಿಕೊಂಡರೆ ಖರ್ಚಾದ ದಾಳಗಳು ಮತ್ತೆ ಕೈಗೆ. 2024ರಲ್ಲಿ ಪರಿಷ್ಕರಿಸಿದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಯುಧಕ್ಕೇ ಒಂದು ಗುಣ ಕೊಟ್ಟವು. ಅದನ್ನು ಕಲಿತ ಯೋಧನ ಯುದ್ಧಸುತ್ತಿಗೆ ತಗುಲಿದರೆ ಎದುರಾಳಿಯನ್ನು 10 ಅಡಿ ಹಿಂದಕ್ಕೆ ತಳ್ಳಬಹುದು. ಉದ್ದಗತ್ತಿ ತಗುಲಿದರೆ ಎದುರಾಳಿಯ ಮುಂದಿನ ಬೀಸು ಗುರಿ ತಪ್ಪುವ ಸಾಧ್ಯತೆ ಹೆಚ್ಚು.

ಗಮನಿಸಿ, ಎರಡರಲ್ಲೂ ಸೂತ್ರ ಒಂದೇ. ಏಟಿನ *ಬದಲಿಗೆ* ಪಟ್ಟು ಅಲ್ಲ, ಏಟಿನ *ಜೊತೆಗೆ* ಪಟ್ಟು. ಐದು ಏಟಿನ ಸಾಲದ ಲೆಕ್ಕ ಅಲ್ಲಿಗೆ ಅಳಿಸಿಹೋಯಿತು.

ನಮ್ಮ ಮೇಜಿನ ನಾಲ್ಕು ನಿಯಮ

ನಾವು ಆಡುವುದು 2014ರ ನಿಯಮದಲ್ಲಿ. ಗೆಳೆಯನ ಪಾತ್ರ ಬ್ಯಾಟಲ್ ಮಾಸ್ಟರ್ ಅಲ್ಲ, ಮಾಮೂಲಿ ಯೋಧ. ಪಾತ್ರ ಬದಲಿಸು ಎಂದರೆ ಅವನು ಒಪ್ಪಲಿಲ್ಲ. ಹಾಗಾಗಿ ನಿಯಮವನ್ನೇ ಸ್ವಲ್ಪ ಬದಲಿಸಿದೆವು. ನೀವೂ ಆಡುವವರಾಗಿದ್ದರೆ ಇವುಗಳಲ್ಲಿ ಬೇಕಾದ್ದನ್ನು ತೆಗೆದುಕೊಳ್ಳಿ.

ಒಂದು, ಆಯ್ಕೆ ಎದುರಾಳಿಯದು. ಕತ್ತಿ ತಗುಲಲು ಬೇಕಾದ ಅಂಕಕ್ಕಿಂತ 5 ಅಥವಾ ಹೆಚ್ಚು ಬಿದ್ದರೆ ಯೋಧ ಏಟಿನ ಜೊತೆಗೆ ಒಂದು ಪಟ್ಟು ಹೇಳಬಹುದು: ಬೀಳಿಸುವುದು, ತಳ್ಳುವುದು, ಆಯುಧ ಬೀಳಿಸುವುದು, ಹಿಡಿದು ನಿಲ್ಲಿಸುವುದು. ಮೇಲಿನ ಲೆಕ್ಕದಲ್ಲಿ 9 ಬೇಕಾದಲ್ಲಿ 14 ಬೀಳಬೇಕು, ಅಂದರೆ ಶೇ 35. ಸುಮಾರು ಮೂರು ಬೀಸಿಗೆ ಒಂದು ಪಟ್ಟು. ಎದುರಾಳಿಗೆ ಆಗ ಎರಡು ದಾರಿ. ಪಟ್ಟಿಗೆ ಸಿಗಬೇಕು, ಇಲ್ಲವೇ ಇನ್ನೊಂದು ದಾಳದಷ್ಟು ಉಸಿರು ಕಳೆದುಕೊಂಡು ತಪ್ಪಿಸಿಕೊಳ್ಳಬೇಕು. ಯಾವುದನ್ನು ಆರಿಸಿದರೂ ಯೋಧನಿಗೆ ಏನೋ ಒಂದು ದಕ್ಕುತ್ತದೆ. ಇದನ್ನು ಹೇಳಿದಾಗ ಗೆಳೆಯ, ‘ಕುಸ್ತಿ ಅಂದ್ರೆ ಇದೇ ತಾನೇ?’ ಎಂದ. ಕಾಲಿಗೆ ಕೈ ಹಾಕಿದಂತೆ ಮಾಡಿದರೆ ಎದುರಾಳಿ ಬಗ್ಗುತ್ತಾನೆ, ಬಗ್ಗಿದರೆ ಕುತ್ತಿಗೆ ಸಿಗುತ್ತದೆ. ಬಗ್ಗದಿದ್ದರೆ ಕಾಲೇ ಸಿಗುತ್ತದೆ. ಒಳ್ಳೆಯ ಪೈಲ್ವಾನ್ ಎದುರಾಳಿಗೆ ಎರಡು ಕೆಟ್ಟ ದಾರಿಗಳನ್ನಷ್ಟೇ ಬಿಡುತ್ತಾನೆ.

ಎರಡು, ಜಾಗಕ್ಕೆ ಬೆಲೆ ಇರಲಿ. ನಾಲ್ಕು ಗೋಡೆಯ ಖಾಲಿ ಕೋಣೆಯಲ್ಲಿ ಒಬ್ಬನನ್ನು ಐದು ಅಡಿ ಹಿಂದಕ್ಕೆ ತಳ್ಳಿ ಏನು ಪ್ರಯೋಜನ? ಅದೇ ಐದು ಅಡಿ ಆಚೆ ನದಿ ಇದ್ದರೆ? ನಾನು ಕಾಳಗದ ನಕ್ಷೆಗಳನ್ನು ನಮ್ಮ ಸುತ್ತಮುತ್ತಲಿಂದಲೇ ತೆಗೆದುಕೊಳ್ಳತೊಡಗಿದೆ. ನಂಜನಗೂಡಿನ ಬಳಿ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಕಮಾನುಗಳ ಹಳೆಯ ಸೇತುವೆ ಇದೆಯಲ್ಲ, ಅದು ಒಂದು ನಕ್ಷೆ. ಕಿರಿದಾದ ದಾರಿ, ಎರಡೂ ಬದಿ ನೀರು. ತಲಕಾಡಿನ ಮರಳು ಇನ್ನೊಂದು. ಮರಳಲ್ಲಿ ಓಡಲಾಗದು, ಬಿದ್ದವನು ಬೇಗ ಏಳಲಾಗದು. ಹೊಯ್ಸಳರು ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದ ಹಾಗೆ ನಕ್ಷತ್ರಾಕಾರದ ಜಗತಿ ಮತ್ತೊಂದು. ಅದರ ಒಂದೊಂದು ಕೋನದಲ್ಲೂ ಒಬ್ಬ ಅಡಗಬಹುದು, ಅಂಚಿನಲ್ಲಿ ನಿಂತವನನ್ನು ಕೆಳಕ್ಕೆ ಉರುಳಿಸಬಹುದು. ತಿ. ನರಸೀಪುರದಲ್ಲಿ ಕಾವೇರಿಯೂ ಕಪಿಲೆಯೂ ಕೂಡುವ ಸಂಗಮ ಕಂಡವರಿಗೆ, ಸೊಂಟದ ಮಟ್ಟದ ನೀರಿನಲ್ಲಿ ಕಾದಾಡುವುದು ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ.

ಮೂರು, ಜರಾಸಂಧನೂ ಬರಲಿ. ಎಲ್ಲ ಶತ್ರುಗಳೂ ಹೊಡೆದಷ್ಟಕ್ಕೇ ಸಾಯುವವರಾದರೆ ಹೊಡೆಯುವುದೇ ಸರಿ. ನಾವು ಕೇಳಿ ಬೆಳೆದ ಕಥೆಗಳು ಹಾಗಿಲ್ಲ. ಜರಾಸಂಧನನ್ನು ಭೀಮ ಸೀಳಿದಷ್ಟೂ ಎರಡು ಹೋಳುಗಳು ಮತ್ತೆ ಕೂಡಿಕೊಳ್ಳುತ್ತಿದ್ದವು. ಕೃಷ್ಣ ಕಡ್ಡಿ ಸೀಳಿ ತಿರುವುಮುರುವಾಗಿ ಎಸೆದು ತೋರಿಸಿದ ಮೇಲೆಯೇ ಅವನಿಗೆ ಸಾವು. ದುರ್ಯೋಧನನ ಮೈ ಗಾಂಧಾರಿಯ ನೋಟದಿಂದ ವಜ್ರದಂತಾಗಿತ್ತು, ತೊಡೆಯೊಂದನ್ನು ಬಿಟ್ಟು. ಗದಾಯುದ್ಧವನ್ನು ತೀರ್ಮಾನಿಸಿದ್ದು ಏಟಿನ ತೂಕವಲ್ಲ, ಏಟು ಬಿದ್ದ ಜಾಗ. ಎರಡು ಕಡೆಯೂ ಕೃಷ್ಣ ಸನ್ನೆ ಮಾಡಿದ ಎಂಬುದನ್ನು ಮರೆಯಬೇಡಿ. ಸೂತ್ರಧಾರನ ಕೆಲಸ ಅದು. ಶತ್ರುವಿನ ದೌರ್ಬಲ್ಯವನ್ನು ಮುಚ್ಚಿಟ್ಟು ಕೊನೆಯಲ್ಲಿ ‘ಗೊತ್ತಾಗಲಿಲ್ವಾ?’ ಎನ್ನುವುದರಲ್ಲಿ ಜಾಣತನವಿಲ್ಲ. ರಾಕ್ಷಸ ಎಡಗಾಲನ್ನು ಎಳೆಯುತ್ತಿದ್ದಾನೆ, ಗುರಾಣಿಯ ಪಟ್ಟಿ ಹರಿದಿದೆ, ಕೊರಳ ತಾಯಿತ ಮಿನುಗುತ್ತಿದೆ ಎಂದು ಮೊದಲೇ ಕಡ್ಡಿ ಸೀಳಿ ತೋರಿಸಬೇಕು.

ನಾಲ್ಕು, ಅದೇ ಪಟ್ಟು ಎರಡನೇ ಸಲ ನಡೆಯದು. ಒಂದು ಪಟ್ಟು ಲಾಭ ಎಂದಾದರೆ ಎಲ್ಲರೂ ಅದನ್ನೇ ಹಾಕುತ್ತಾರೆ. ಆಗ ‘ಹೊಡೀತೀನಿ’ ಹೋಗಿ ‘ಬೀಳಿಸ್ತೀನಿ’ ಬರುತ್ತದೆ, ಬೇಸರ ಅಷ್ಟೇ ಉಳಿಯುತ್ತದೆ. ಗರಡಿಯಲ್ಲಿ ಪ್ರತಿ ಪಟ್ಟಿಗೂ ಬಿಡಿಸಿಕೊಳ್ಳುವ ಪಟ್ಟೊಂದು ಇದ್ದೇ ಇರುತ್ತದೆ. ಆದ್ದರಿಂದ ಒಮ್ಮೆ ಬಿದ್ದ ಶತ್ರು ಎಚ್ಚರವಾಗುತ್ತಾನೆ. ಅವನ ಮೇಲೆ ಅದೇ ಪಟ್ಟು ಮತ್ತೆ ಬೇಕೆಂದರೆ 5ರ ಬದಲು 10 ಹೆಚ್ಚು ಬೀಳಬೇಕು. ಶತ್ರುಗಳಿಗೂ ಇದೇ ಪಟ್ಟುಗಳು ಲಭ್ಯ, ಅವರಿಗೂ ಇದೇ ಮಿತಿ.

ಸೇತುವೆಯ ಮೇಲೆ

ಈ ನಿಯಮಗಳು ಬಂದ ಮೇಲೆ ನಡೆದ ಮೊದಲ ದೊಡ್ಡ ಕಾಳಗ ಆ ಸೇತುವೆಯ ನಕ್ಷೆಯ ಮೇಲೆಯೇ. ಎದುರಿಗೆ ಉಕ್ಕಿನ ಕವಚ ತೊಟ್ಟ ದಳಪತಿ, 90 ಉಸಿರು. ಕೆಳಗೆ ಮುಂಗಾರಿನ ತುಂಬು ಹೊಳೆ. ಒಂದು ಕಡೆ ಸೇತುವೆಯ ಕಟ್ಟೆ ಮುರಿದಿದೆ ಎಂದು ನಾನು ಮೊದಲೇ ಹೇಳಿದ್ದೆ.

ಮಂತ್ರವಾದಿಯ ಬೆಂಕಿಯುಂಡೆಯನ್ನು ದಳಪತಿ ಅರ್ಧಕ್ಕರ್ಧ ತಪ್ಪಿಸಿಕೊಂಡ. ಬಾಣಗಳು ಕವಚಕ್ಕೆ ಬಡಿದು ಬಿದ್ದವು. ಗೆಳೆಯನ ಸರದಿ ಬಂತು. ಅವನು ದಾಳ ಮುಟ್ಟಲಿಲ್ಲ. ನಕ್ಷೆಯ ಮೇಲೆ ಬಗ್ಗಿ ಕೇಳಿದ: ‘ಅವನ ಕಾಲು ಎಲ್ಲಿದೆ?’

ಅಷ್ಟು ತಿಂಗಳಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಮುರಿದ ಕಟ್ಟೆಗೆ ಹತ್ತು ಅಡಿ ಈಚೆ ಎಂದೆ. ಮೊದಲ ಬೀಸಿಗೆ 17 ಬಿತ್ತು. ‘ತಳ್ತೀನಿ’ ಎಂದ. ದಳಪತಿ ತಳ್ಳಿಸಿಕೊಳ್ಳಬೇಕೋ, ಇನ್ನಷ್ಟು ಉಸಿರು ಕೊಡಬೇಕೋ? ಅವನಿಗೆ ಬೇಕಾದಷ್ಟು ಉಸಿರಿತ್ತು, ಕೊಟ್ಟ. ಎರಡನೇ ಬೀಸಿಗೆ 15. ಈ ಸಲ ‘ಗುರಾಣಿ ಬೀಳಿಸ್ತೀನಿ’. ಗುರಾಣಿ ಹೋದರೆ ಹೋಗಲಿ ಎಂದು ದಳಪತಿ ಪಟ್ಟಿಗೆ ಸಿಕ್ಕ. ಗುರಾಣಿ ಹೋದ ಮೇಲೆ ಬಿಲ್ಲುಗಾರನ ಬಾಣ ನಾಟತೊಡಗಿದವು. ಕಳ್ಳ ಹಿಂದಿನಿಂದ ಇರಿದ. ಮುಂದಿನ ಸುತ್ತಿನಲ್ಲಿ ಉಸಿರು ಉಳಿಸಿಕೊಳ್ಳಲು ಹೋದ ದಳಪತಿ ತಳ್ಳಿಸಿಕೊಂಡ, ಐದು ಅಡಿ. ಅದರ ಮುಂದಿನ ಸುತ್ತಿನಲ್ಲಿ ಅದೇ ಪಟ್ಟು ಬೇಕೆಂದರೆ ದಾಳದಲ್ಲಿ 19 ಬೀಳಬೇಕಿತ್ತು. ಮೇಜಿನ ಸುತ್ತ ಎಲ್ಲರೂ ನಿಂತಿದ್ದರು. ಬಿದ್ದದ್ದು 19. ಆಗ ದಳಪತಿಯಲ್ಲಿ ಉಳಿದಿದ್ದ ಉಸಿರು 6. ಇನ್ನೊಂದು ದಾಳದ ಏಟನ್ನು ತಿನ್ನುವ ಧೈರ್ಯ ಅವನಿಗಾಗಲಿಲ್ಲ. ತಳ್ಳಿಸಿಕೊಂಡ. ಕವಚದ ಸಮೇತ ಹೊಳೆಗೆ.

ದಾಳ ಬೇರೆ ರೀತಿ ಬಿದ್ದಿದ್ದರೆ ಕಥೆ ಬೇರೆ ಇರುತ್ತಿತ್ತು, ನಿಜ. ಆದರೆ ಬಾಣ ನಾಟಿದ್ದು ಗುರಾಣಿ ಬಿದ್ದದ್ದರಿಂದ. ಗುರಾಣಿ ಬಿದ್ದದ್ದು ದಳಪತಿ ಒಮ್ಮೆ ಉಸಿರು ತೆತ್ತಿದ್ದರಿಂದ. ಒಂದು ಪಟ್ಟು ಇನ್ನೊಂದಕ್ಕೆ ದಾರಿ ಮಾಡಿತು, ಯೋಧನ ಪಟ್ಟಿನಿಂದ ಉಳಿದವರಿಗೂ ಲಾಭವಾಯಿತು. ಬಿಲ್ಲುಗಾರ ಬೈಯಲಿಲ್ಲ.

ನಿಯಮ ಯಾಕೆ ಬೇಕು?

‘ಇಷ್ಟಕ್ಕೆಲ್ಲ ನಿಯಮ ಯಾಕೆ? ಆಟಗಾರ ಚೆನ್ನಾಗಿ ವರ್ಣಿಸಿದರೆ ಸೂತ್ರಧಾರ ಒಪ್ಪಿಕೊಂಡರಾಯಿತು’ ಎನ್ನುವವರಿದ್ದಾರೆ. ನಮ್ಮ ಗುಂಪಿನಲ್ಲೂ ಈ ವಾದ ಬಂತು. ಕೇಳಲು ಸರಿಯೆನಿಸುತ್ತದೆ. ಆದರೆ ಆಗ ಗೆಲ್ಲುವುದು ಮಾತು ಬಲ್ಲವನು. ಮಂತ್ರವಾದಿ ಬೆಂಕಿಯುಂಡೆ ಎಸೆಯಲು ಸೂತ್ರಧಾರನ ಅಪ್ಪಣೆ ಕೇಳುವುದಿಲ್ಲ, ಅದು ಅವಳ ಪುಟದಲ್ಲೇ ಬರೆದಿದೆ. ಯೋಧ ಮಾತ್ರ ಪ್ರತಿ ಸಲವೂ ‘ಹೀಗೆ ಮಾಡಬಹುದಾ?’ ಎಂದು ಕೇಳಬೇಕು ಎಂದರೆ, ಸಂಕೋಚದವನು ಎರಡು ಸಲ ಕೇಳಿ ಮೂರನೇ ಸಲ ಸುಮ್ಮನಾಗುತ್ತಾನೆ. ಕಾಗದದ ಮೇಲೆ ಬರೆದ ನಿಯಮ ಮಾತು ಕಡಿಮೆ ಇರುವವನಿಗೆ ಸಿಕ್ಕುವ ಹಕ್ಕು. ಈಗ ನಮ್ಮ ಗೆಳೆಯನ ಪುಟದಲ್ಲೂ ನಾಲ್ಕು ಪಟ್ಟುಗಳ ಹೆಸರಿದೆ, ಅವನದೇ ಕೈಬರಹದಲ್ಲಿ.

ತೊಂದರೆಗಳೂ ಇಲ್ಲದಿಲ್ಲ. ಕಾಳಗ ಮೊದಲಿಗಿಂತ ನಿಧಾನವಾಗಿದೆ. ಅದಕ್ಕೆ, ತನ್ನ ಸರದಿ ಬರುವ ಮೊದಲೇ ಯಾವ ಪಟ್ಟು ಎಂದು ಯೋಚಿಸಿರಬೇಕು ಎಂಬ ಒಪ್ಪಂದ ಮಾಡಿಕೊಂಡಿದ್ದೇವೆ. ಆನೆಗಿಂತ ದೊಡ್ಡ ಡ್ರ್ಯಾಗನ್‌ಗೆ ಅಡ್ಡಗಾಲು ಕೊಡಲಾಗದು, ಲೋಳೆಯಂತೆ ಹರಿಯುವ ಜೀವಿಯ ಆಯುಧ ಕಿತ್ತುಕೊಳ್ಳಲಾಗದು. ಅಂಥ ಕಡೆ ಯೋಧನಿಗೆ ಬೇರೇನಾದರೂ ಕೆಲಸ ಇರುವಂತೆ ನಾನು ನೋಡಿಕೊಳ್ಳಬೇಕು. ಡ್ರ್ಯಾಗನ್‌ನ ರೆಕ್ಕೆಗೆ ಹಗ್ಗ ಹಾಕುವುದು, ಅದರ ಬೆನ್ನೇರುವುದು ಇತ್ಯಾದಿ. ಸಣ್ಣ ಪುಟ್ಟ ಕಳ್ಳರ ಗುಂಪು ಎದುರಾದಾಗ ಪಟ್ಟಿನ ಗೊಡವೆಯೇ ಬೇಡ, ‘ಹೊಡೀತೀನಿ’ ಎಂದರೆ ಸಾಕು. ಗರಡಿಯಲ್ಲೂ ಎಲ್ಲ ಕುಸ್ತಿಗೂ ಕಲಾಜಂಗ್ ಹಾಕುವುದಿಲ್ಲವಲ್ಲ.

ನಿಮಗೂ ಆಡುವ ಮನಸ್ಸಾದರೆ ಹೆಚ್ಚು ಖರ್ಚಿಲ್ಲ. 2014ರ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಉಚಿತವಾಗಿ ಇಳಿಸಿಕೊಳ್ಳಬಹುದು. ದಾಳ ಸಿಗುವವರೆಗೆ 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಎತ್ತಿದರೂ ಆಟ ನಡೆಯುತ್ತದೆ. ನಕ್ಷೆಗೆ ಲೆಕ್ಕದ ಪುಸ್ತಕದ ಚೌಕುಳಿ ಹಾಳೆ ಸಾಕು. ಮೊದಲ ಕಾಳಗಕ್ಕೆ ನಿಮ್ಮೂರಿನ ಕೆರೆ ಏರಿಯನ್ನೋ ಕಲ್ಯಾಣಿಯ ಮೆಟ್ಟಿಲನ್ನೋ ಬರೆದುಕೊಳ್ಳಿ. ಕತ್ತಿ ಹಿಡಿದವನು ಕೇಳುವ ಮೊದಲೇ, ಎದುರಾಳಿಯ ಕಾಲು ಎಲ್ಲಿದೆ ಎಂದು ಹೇಳಿಬಿಡಿ.